ಮೊಳೆಯ ಎತ್ತರ

ವುಚ್ ನಗರದ ಹಳೇ ಗಿರಣಿ ಸಾಲಿನಲ್ಲಿ
ಮೂರನೇ ಮಹಡಿ, ಒಂದೂವರೆ ಕೋಣೆ.
ಕೆಳಗೆ ಅಂಚೆ ಡಬ್ಬಿಯ ಮೇಲೆ ಒಂದೇ ಹೆಸರು: ಬೋಗ್ನಾ.
ಇಡೀ ದಿನ ಟ್ರಾಮ್ ಓಡಿಸಿ ಬಂದವಳು
ಕೋಟು ಬಿಚ್ಚದೆಯೇ ಸುತ್ತಿಗೆ ಹಿಡಿದಿದ್ದೇನೆ.

ಆ ಮನೆಯಲ್ಲಿ ಎಲ್ಲವೂ ಅವನೆತ್ತರಕ್ಕೆ:
ಕಪಾಟು, ಕನ್ನಡಿ, ಸಕ್ಕರೆ ಡಬ್ಬಿ.
ಇಪ್ಪತ್ತೊಂದು ವರ್ಷ ಸ್ಟೂಲು ಹತ್ತಿ ಇಳಿದೆ,
ಅದನ್ನೇ ಸಂಸಾರ ಅಂದುಕೊಂಡಿದ್ದೆ.
ಸ್ಟೂಲು ನನ್ನ ಪಾಲಿಗೆ ಬಂತು
(ವಕೀಲರ ಪಟ್ಟಿಯಲ್ಲಿ ಹನ್ನೆರಡನೇ ಸಾಲು).
ಈಗ ಅದರ ಮೇಲೆ ರೇಡಿಯೋ ಕೂತಿದೆ.

ಮೊಳೆ ಹೊಡೆಯುವ ಮುನ್ನ ಗೋಡೆಗೆ ಬೆನ್ನಾನಿಸಿ
ನೆತ್ತಿಯ ಮೇಲೆ ಪೆನ್ಸಿಲಿಟ್ಟು ಗೆರೆ ಎಳೆದೆ,
ಮಗನ ಹುಟ್ಟುಹಬ್ಬಕ್ಕೆ ಎಳೆಯುತ್ತಿದ್ದ ಹಾಗೆ.
ನೂರೈವತ್ತಾರು ಸೆಂಟಿಮೀಟರ್.
ಅದರ ಮೇಲೆ ಈ ಮನೆಯಲ್ಲಿ ಬರೀ ಗಾಳಿ.

ಬಣ್ಣ ಮಾತ್ರ ತಿಳಿಯಲಿಲ್ಲ.
"ನಿಮಗೆ ಯಾವುದು ಇಷ್ಟ?" ಅಂದ ಅಂಗಡಿಯ ಹುಡುಗ.
ಹಿಂದೆ ತಿರುಗಿ ನೋಡಿದೆ, ಯಾರನ್ನು ಕೇಳುತ್ತಿದ್ದಾನೆಂದು.
ಮೂರು ಪುಟ್ಟ ಡಬ್ಬಿ ತಂದು ಮೂರು ಪಟ್ಟೆ ಬಳಿದೆ:
ಬೀಟ್‌ರೂಟ್ ಸಾರಿನದು, ಸಾಸಿವೆಯದು,
ಹೆಸರಿಲ್ಲದ ಒಂದು ಹಸಿರು.
ತಿಂಗಳಾಯಿತು, ಇನ್ನೂ ಆರಿಸಿಲ್ಲ.
ವೇಳಾಪಟ್ಟಿ ಇರುವುದು ಟ್ರಾಮಿಗೆ, ಗೋಡೆಗಲ್ಲ.

ಭಾನುವಾರ ಕಯೆತಾನ್ ಬಂದ, ಅಪ್ಪನಷ್ಟೇ ಉದ್ದ.
ಕನ್ನಡಿಯಲ್ಲಿ ಅವನ ಗಂಟಲು, ಅಂಗಿಯ ಗುಂಡಿ.
"ಅಮ್ಮಾ, ಇದರಲ್ಲಿ ನನಗೆ ತಲೆಯೇ ಇಲ್ಲ!"
ಬಗ್ಗು, ಅಂದೆ.
ಬಗ್ಗಿದ. ತಲೆ ಬಾಚಿಕೊಂಡ.
ಆಮೇಲೆ ಹಸಿರು ಪಟ್ಟೆಯ ಮುಂದೆ ನಿಂತು
"ಇದು ನೀನು" ಅಂದ.

ಇರಬಹುದು.
ಸಾಸಿವೆಯೂ ಇರಬಹುದು, ಅಂದೆ,
ಉಕ್ಕುತ್ತಿದ್ದ ಸಾರಿನ ಕಡೆ ಓಡುತ್ತ.