ಎಷ್ಟು ಕೊಡ್ತದೆ?

ಅಂಕೋಲೆಯಲ್ಲಿ ಈ ವ್ಯಾನು ಕೊಂಡಾಗ
ಲೀಟರಿಗೆ ಹದಿನಾರು ಕೊಡ್ತದೆ ಅಂದಿದ್ದ ಮಾರಿದವ.
ಬೆನ್ನ ಮೇಲೆ ಯಾವುದೋ ಶಾಲೆಯ ಹೆಸರು
ಅರ್ಧ ಉಜ್ಜಿ ಬಿಟ್ಟಿದ್ದ; ‘ನಿಧಾನ, ಮಕ್ಕಳಿದ್ದಾರೆ’ ಅನ್ನುವುದು
ಇನ್ನೂ ಓದಲಿಕ್ಕೆ ಬರುತ್ತದೆ.

ಹಿಂದಿನ ಸೀಟು ಕಳಚಿ ಅಟ್ಟಕ್ಕೆ ಹಾಕಿದೆವು.
ಬೈತಖೋಲದ ಬಸ್ತ್ಯಾಂವ, ಬೋಟುಗಳಿಗೆ ವೆಲ್ಡಿಂಗ್ ಮಾಡುವವ,
ದಪ್ಪ ತಗಡಿನ ಜಾರುಹಲಗೆ ಮಾಡಿಕೊಟ್ಟ.
ಅದು ನಲವತ್ತೊಂದು ಕಿಲೋ. ಗಾಲಿಕುರ್ಚಿ ಹದಿನೆಂಟು.
ಗಂಡ ಎಪ್ಪತ್ತು; ಕೆಲಸಕ್ಕಿಲ್ಲದ ಕಾಲೂ
ತೂಕಕ್ಕಿದೆ ನೋಡು, ಅನ್ನುತ್ತಾನೆ ಅವನೇ.

ವಾಮನ ತಾಂಡೇಲ. ಹತ್ತೊಂಬತ್ತು ವರ್ಷ ಟ್ರಾಲರ್ ನಡೆಸಿದವ.
ವಿಂಚಿನ ಹಗ್ಗ ಹರಿದ ಆ ಬೆಳಗನ್ನು
ನಾನು ಇಲ್ಲಿ ಬರೆಯುವುದಿಲ್ಲ.

ಈಗ ಅವನ ಕೈಯಲ್ಲಿ ಚುಕ್ಕಾಣಿಯಿಲ್ಲ, ನೋಟುಬುಕ್ಕಿದೆ.
ತುಂಬಿಸಿದ ಲೀಟರು, ಓಡಿದ ಕಿಲೋಮೀಟರು, ಭಾಗಿಸಿ ಬಂದದ್ದು,
ಕೊನೆಗೊಂದು ಮನೆ: ಕಾರಣ.
‘ಹದಿಮೂರು ಪಾಯಿಂಟ್ ಎರಡು. ಟೈರಿನಲ್ಲಿ ಗಾಳಿ ಕಮ್ಮಿ.’
‘ಹನ್ನೆರಡು ಪಾಯಿಂಟ್ ಒಂಬತ್ತು. ಬಿಣಗಾ ಏರಿನಲ್ಲಿ ಅವಳು
ಮೂರನೇ ಗೇರಿಗೇ ಹಟ ಹಿಡಿದಳು.’
ಅವಳು ಅಂದರೆ ನಾನು.
ಓಡಿಸುವವಳು ಮುಂದೆ, ಹಿಂದಿನಿಂದ ದನಿ:
ಕ್ಲಚ್ಚಿನ ಮೇಲಿಂದ ಕಾಲು ತೆಗೆ. ಇಳಿಜಾರಿದೆ, ಆಕ್ಸಿಲರೇಟರ್ ಬಿಡು.
ಗೇಟು ಹಾಕಿದೆ, ಬಂದ್ ಮಾಡು ಇಂಜಿನ್,
ನಿಂತಲ್ಲೇ ಉಂಡರೆ ಊರು ಮುಟ್ಟುವುದು ಯಾವಾಗ?

ಕುರ್ಚಿಯನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಬೆಲ್ಟು ಬೇಡ,
ದೋಣಿಯ ಹಗ್ಗ, ದೋಣಿಯ ಗಂಟು, ನಾಲ್ಕು ಮೂಲೆಗೆ ನಾಲ್ಕು.
ಎಳೆದರೆ ಬಿಗಿ, ತುದಿ ಜಗ್ಗಿದರೆ ಸಡಿಲ.

ಹಲಗೆ ಈಗ ಕೇರಿಗೆಲ್ಲ ಬೇಕು.
ಶಾಲಿನಿಬಾಯಿಯ ಫ್ರಿಜ್ಜು ಏರಿದ್ದು ಅದರ ಮೇಲೆ,
ಮೊಳಕಾಲು ಹಿಡಿದುಹೋದ ಅವಳ ಅತ್ತೆ ಆಸ್ಪತ್ರೆಯೆದುರು ಇಳಿದದ್ದೂ.
ಅತ್ತೆಯ ತೂಕವನ್ನೂ ಕೇಳಿ ಬರೆದುಕೊಂಡ ವಾಮನ,
ಅವರು ಹೇಳಿದ್ದಕ್ಕೆ ಹತ್ತು ಕಿಲೋ ಕೂಡಿಸಿ.

ಇಸ್ಮಾಯಿಲ್ ಮೇಸ್ತ್ರಿ ಅಂದ: ಹಲಗೆ ಮನೆಯಲ್ಲಿಟ್ಟರೆ ಹದಿನೈದು ಗ್ಯಾರಂಟಿ.
‘ನನ್ನನ್ನೂ ಇಟ್ಟರೆ ಹದಿನಾರು’ ಅಂದ ಇವನು.
ನಕ್ಕದ್ದು ಇವನೊಬ್ಬನೇ.

ತಿಂಗಳಿಗೊಮ್ಮೆ ಗಡಿ ದಾಟಿ ಪೋಳೆಗೆ ಹೋಗುತ್ತೇವೆ.
ಗೋವೆಯ ಪೆಟ್ರೋಲು ಲೀಟರಿಗೆ ಏಳು ರೂಪಾಯಿ ಅಗ್ಗ.
ಮೂವತ್ತು ಲೀಟರಿಗೆ ಇನ್ನೂರ ಹತ್ತು ಉಳಿತು.
ಹೋಗಿಬರುವ ದಾರಿಗೆ ಸುಟ್ಟದ್ದು
ಇನ್ನೂರ ಇಪ್ಪತ್ತರ ಎಣ್ಣೆ.
ಹತ್ತು ರೂಪಾಯಿ ಮುಳುಗಿತು. ಪೈಸೆ ಪೈಸೆ ಬರೆಯುವವ
ಇದೊಂದನ್ನು ಈವರೆಗೆ ಬರೆದಿಲ್ಲ.
ನಡುವೆ ಕಾಳಿ ಸೇತುವೆ ಬರುತ್ತದೆ.

ಸೇತುವೆಯ ಮೇಲೆ ಹಿಂದಿನ ದನಿ ನಿಲ್ಲುತ್ತದೆ.
ಕನ್ನಡಿಯಲ್ಲಿ ನೋಡಿದರೆ ಕತ್ತು ಬಗ್ಗಿಸಿ ಕೂತಿರುತ್ತಾನೆ.
ಅಳುತ್ತಾನೆ ಅಂದುಕೊಂಡು ಎಷ್ಟೋ ಸಲ
ಕನ್ನಡಿಯನ್ನೇ ಅತ್ತ ತಿರುಗಿಸಿದ್ದೆ.

ಒಂದು ಮಧ್ಯಾಹ್ನ, ಅವನು ಮಲಗಿದ್ದಾಗ, ವ್ಯಾನು ತೊಳೆಯುತ್ತ
ಆ ಕುರ್ಚಿಯಲ್ಲಿ ನಾನೇ ಕೂತೆ.
ಕಣ್ಣೆದುರು ತಗಡು. ಕಿಟಕಿ ಮುಗಿಯುವುದೇ ಗಲ್ಲದ ಹತ್ತಿರ.
ಅದರಾಚೆ ದಾರಿಹೋಕರ ಸೊಂಟ, ಬಾಲ್ದಿ, ನಾಯಿಯ ಬೆನ್ನು.
ಯಾರಿಗೂ ಮುಖವಿಲ್ಲ.
ನೀರು ಕಾಣಬೇಕಾದರೆ ಬಗ್ಗಬೇಕು.

ಮುಂದಿನ ಸಲ ಸೇತುವೆ ದಾಟಿ ಸದಾಶಿವಗಡದ ಮಗ್ಗುಲಿಗೆ ಇಳಿಸಿ
ಹಿಂಬದಿಯನ್ನು ಹೊಳೆಗೆ ಮಾಡಿ ನಿಲ್ಲಿಸಿದೆ.
ಬಾಗಿಲೆತ್ತಿ ಹಲಗೆ ಹಾಕಿದೆ.
ಹಿಮ್ಮುಖ ಇಳಿದು, ತಿರುಗಿ, ಹಲಗೆಯ ತುದಿಯಲ್ಲೇ ನಿಂತ.
ಕಾಳಿ ಕಡಲಿಗೆ ಬೀಳುವಲ್ಲಿ ನೀರಿಗೆ ಬಣ್ಣ ಎರಡು.
ಒಂದು ಬೋಟು ಒಳಗೆ ಬರುತ್ತಿತ್ತು. ‘ತುಂಬಿದೆ’ ಅಂದ,
‘ನೋಡು, ಎಷ್ಟು ಕೂತಿದೆ ನೀರಿನಲ್ಲಿ.’
ಅಷ್ಟೇ ಮಾತು.
ಮೂಗಿಗೆ ಹೊಗೆ ಅಡರಿದಾಗಲೇ ಗೊತ್ತಾದದ್ದು,
ಇಂಜಿನ್ ಬಂದ್ ಮಾಡಿರಲಿಲ್ಲ ನಾನು.
ಅವನೂ ಹೇಳಿರಲಿಲ್ಲ.

ಆ ಸಲದ ಲೆಕ್ಕ ಹನ್ನೊಂದು ಪಾಯಿಂಟ್ ನಾಲ್ಕು.
ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ಕೂತಿದ್ದ.
ಆಮೇಲೆ ಕಾರಣದ ಮನೆಯಲ್ಲಿ, ಒತ್ತಿ:
‘ಎದುರು ಗಾಳಿ.’