ಆರರ ಮಗ್ಗಿ

ಕೂತುಕೋ ಜೊರಿನಾ, ಬಾಗಿಲಿಗೆ ಬೆನ್ನು ಹಾಕಬೇಡ,
ಈ ತಗಡಿನ ಶೆಡ್ಡಿಗೆ ಬೆಳಕು ಬರುವುದೇ ಅಲ್ಲಿಂದ.
ಕೊಕ್ಕೆಯನ್ನು ಹಾಗಲ್ಲ,
ಸೀಗಡಿ ಸುಲಿಯುವ ಚಾಕುವಲ್ಲ ಅದು.
ಅನ್ನ ಕಲಸುವ ಬೆರಳಿಗೆ ಕೊಡು, ತಾನೇ ಹಿಡಿದುಕೊಳ್ಳುತ್ತದೆ.

ಮೊದಲು ಒಂದು ಕುಣಿಕೆ. ಬಿಗಿಯಬೇಡ, ಇನ್ನೂ ಬಿಗಿಯಬೇಡ.
ಅದರ ಬಾಯೊಳಗೆ ಆರು ಹೊಲಿಗೆ,
ಆಮೇಲೆ ಬಾಲ ಹಿಡಿದು ಎಳೆ.
ತೂತು ಮುಚ್ಚಿತೇ?
ಅದೇ ಹೊಕ್ಕುಳು. ಆನೆಗೂ ಅದೇ, ಅಣಬೆಗೂ ಅದೇ.

ಒಂದೊಂದರಲ್ಲಿ ಎರಡು ಹಾಕಿದರೆ ಹನ್ನೆರಡು,
ಮುಂದಿನ ಸುತ್ತಿಗೆ ಹದಿನೆಂಟು, ಇಪ್ಪತ್ನಾಲ್ಕು.
ಆರರ ಮಗ್ಗಿ ಬರುತ್ತದಲ್ಲ?
ನನಗೆ ಬರುತ್ತಿರಲಿಲ್ಲ.
ಬೆರಳು ಕಲಿತದ್ದನ್ನು ನಾಲಿಗೆ ಆಮೇಲೆ ಕಲಿತಿತು.

ಹೆಚ್ಚಿಸುತ್ತಾ ಹೋದರೆ ರೊಟ್ಟಿಯಾಗಿ ಹರಡುತ್ತದೆ,
ಆಸೆಗೆ ಬಿದ್ದು ಹೆಚ್ಚಿಸಿದರೆ ನೆರಿಗೆ ನೆರಿಗೆ ಎಲೆಕೋಸು.
ಹೆಚ್ಚಿಸುವುದನ್ನು ನಿಲ್ಲಿಸಿ ನೋಡು,
ಅಷ್ಟಕ್ಕೇ ಗೋಡೆ ಏಳುತ್ತದೆ:
ಕಾಲು, ಸೊಂಡಿಲು, ಜಿರಾಫೆಯ ಕತ್ತು.
ಎರಡನ್ನು ಒಂದು ಮಾಡುತ್ತಾ ಬಂದರೆ ಮುಚ್ಚಿಕೊಂಡು ಚೆಂಡು.
ಎರಡು ಸುತ್ತಿಗೊಮ್ಮೆ ಒಂದೇ ಒಂದು ಹೆಚ್ಚಿಸು, ಶಂಕು:
ಕೊಂಬು, ಕೊಕ್ಕು, ಯಾರದೋ ಟೋಪಿ.
ಇಷ್ಟೇ ವಿದ್ಯೆ.
ದೇವರ ಬಳಿ ಇದ್ದದ್ದೂ ಇಷ್ಟೇ ಎನ್ನಬಾರದು, ಪಾಪ ಸುತ್ತಿಕೊಳ್ಳುತ್ತದೆ.

ನಾನು ಒಂಬತ್ತು ವರ್ಷ ಬರೀ ಚೆಂಡು ಹೆಣೆದೆ, ಹತ್ತಿ ತುಂಬಿದೆ.
ಕಿವಿ ಪಾರುಲ್‌ದು. ಕಣ್ಣು ಖುಲ್ನಾ ಪಟ್ಟಣದವರದು.
ನನ್ನದು ತಲೆಯಾಯಿತೋ ಹೊಟ್ಟೆಯಾಯಿತೋ, ಕೇಳಿದವಳಲ್ಲ.
ಡಜನ್ನಿಗೆ ಇಷ್ಟು ಟಾಕಾ, ಶುಕ್ರವಾರ ರಜೆ.

ಆ ವರ್ಷ ಮೂಗುಬೊಟ್ಟು ಕಳೆಯಿತು.
ಸಾಸಿವೆಯಷ್ಟು ಬಂಗಾರ, ನನ್ನ ಅಮ್ಮನದು.
ತಿರುಪು ಸಡಿಲವೆಂದು ಸೆರಗಿನ ತುದಿಗೆ ಗಂಟು ಹಾಕಿದ್ದೆ.
ಮನೆಯಲ್ಲಿದ್ದವರು ಇಬ್ಬರು, ನಾನು, ಸೊಸೆ ಹಾಸ್ನಾ.
ಲೆಕ್ಕ ಸುಲಭವಿತ್ತು.
ಬಾಯಿಬಿಟ್ಟು ಏನೂ ಅನ್ನಲಿಲ್ಲ,
ಸಂತೆಯಿಂದ ಬೀಗ ತಂದು ನನ್ನ ಪೆಟ್ಟಿಗೆಗೆ ಹಾಕಿದೆ, ಅವಳೆದುರೇ.
ಅವಳೂ ಅನ್ನಲಿಲ್ಲ.
ಮೀನಿನ ತಲೆಯನ್ನು ಆಮೇಲೂ ನನ್ನ ತಟ್ಟೆಗೇ ಬಡಿಸಿದಳು.

ಐದು ತಿಂಗಳಿಗೆ ಒಂದು ಆನೆ ವಾಪಸು ಬಂತು.
ಢಾಕಾದಲ್ಲಿ ಯಂತ್ರವಿದೆಯಂತೆ,
ಗೊಂಬೆಯೊಳಗೆ ಸೂಜಿಯ ಚೂರು ಉಳಿದರೆ ಕಿರುಚುತ್ತದಂತೆ.
ಚೀಟಿಯಲ್ಲಿ ನನ್ನ ನಂಬರು, ನಲವತ್ತೊಂದು.
ಮಡಿಲಿಗೆ ಹಾಕಿ, ಬಿಚ್ಚು, ಅಂದರು.

ನನ್ನ ಚೆಂಡಿಗೆ ಮುಖವಿತ್ತು. ಅವತ್ತೇ ನೋಡಿದ್ದು.
ಕಿವಿ ಕಿತ್ತೆ. ಸೊಂಡಿಲು ಕಿತ್ತೆ.
ಕೊನೆಯ ಗಂಟು ಕತ್ತರಿಸಿ ನೂಲೆಳೆದೆ:
ಆರು, ಹನ್ನೆರಡು, ಹದಿನೆಂಟು,
ಬಿಚ್ಚುವಾಗಲೂ ಅದೇ ಮಗ್ಗಿ ನೋಡು.
ಹತ್ತಿಯ ನಡುವೆ, ಸಾಸಿವೆಯಷ್ಟು.

ಹಾಸ್ನಾ ಪಕ್ಕದ ಚಾಪೆಯಲ್ಲೇ ಕಾಲು ಹೆಣೆಯುತ್ತಿದ್ದಳು.
ನೋಡಿದಳು. ಕೊಕ್ಕೆ ನಿಲ್ಲಲಿಲ್ಲ.
ಎದ್ದು ಹೋಗಿ ಅವಳ ಅಂಗೈಯಲ್ಲಿಟ್ಟೆ.
ನದಿಯಲ್ಲಿ ಲಾಂಚು ಕೂಗಿತು, ಅಷ್ಟೇ ಸದ್ದು.
"ಲೆಕ್ಕ ತಪ್ಪಿಸಿಬಿಟ್ಟಿರಿ," ಅಂದಳು ಅವಳು,
"ಇದು ಎಷ್ಟನೆಯ ಸುತ್ತು?"
ಇಬ್ಬರೂ ಬೆರಳಿಟ್ಟು ಎಣಿಸಿದೆವು.

ಬಿಚ್ಚಿದ ನೂಲು ಗುಂಗುರಾಗಿ ನಿಲ್ಲುತ್ತದೆ ಜೊರಿನಾ,
ಒದ್ದೆ ಮಾಡಿ ತೂಗುಹಾಕಿದರೂ ಪೂರ್ತಿ ನೆಟ್ಟಗಾಗದು.
ಹೆಣೆಯಬಹುದು ಆದರೂ.
ನನ್ನ ಮೂಗೇನು ನೋಡುತ್ತೀ?
ಅದು ಅವಳ ಮೂಗಿನಲ್ಲಿದೆ. ನನ್ನ ತೂತು ಮುಚ್ಚಿಹೋಯಿತು.

ಎಲ್ಲಿ, ತೋರಿಸು ನಿನ್ನದು.
ಹದಿನೇಳು, ಹದಿನೆಂಟು, ಹತ್ತೊಂಬತ್ತು.
ಒಂದು ಹೆಚ್ಚಾಗಿದೆ.
ಬಿಚ್ಚು.