ನಾಲ್ಕು ತೂತು

ಬ್ರಾಡ್‌ಫರ್ಡ್, ಪೆನ್ಸಿಲ್ವೇನಿಯಾ. ಚಳಿ ಸೊನ್ನೆಗಿಂತ ಕೆಳಗೆ.
ಕ್ರೇನಿನ ಬುಟ್ಟಿಯಲ್ಲಿ ನಾನು ಮೇಲೆ, ಅಪ್ಪ ಕೆಳಗೆ,
ಎಂಬತ್ತೊಂದರ ಕತ್ತನ್ನು ಹಿಂದಕ್ಕೆ ಬಾಗಿಸಿ ಕೂಗುತ್ತಾನೆ:
"ಮೊದಲು ಎಡದ ಬೋಲ್ಟು, ಮಾರಾಯ್ತಿ, ಎಡದ್ದು!"

ವ್ಯಾನಿನ ಬಾಗಿಲ ಮೇಲೆ ಅವನ ಕೈಬರಹ:
ಲಿಂಡ್‌ಕ್ವಿಸ್ಟ್ ಮತ್ತು ಮಗಳು, ಬೋರ್ಡು ಕೆಲಸ.
ನಡುವೆ ಹನ್ನೊಂದು ವರ್ಷ ನಾನು ಮಿಸೆಸ್ ಡಫಿ ಆಗಿದ್ದೆ.
ಆಗಲೂ ಅವನು ಅದನ್ನು ತಿದ್ದಲಿಲ್ಲ.
"ಬಣ್ಣ ದುಬಾರಿ" ಅಂದಿದ್ದ.

ಈ ಕಂಬದಿಂದ ನಾವು ಇಳಿಸುತ್ತಿರುವ ನಾಲ್ಕನೆಯ ಹೆಸರು ಇದು.
ಮೊದಲು ಪೆಂಡ್ರಿ ಆಯಿಲ್ ಇತ್ತು. ತಗಡಿನ ಕೆಂಪು ಹುಂಜ,
ಬಾಲದಲ್ಲಿ ನಿಯಾನು. ರಾತ್ರಿ ಪಾಳಿಯ ರಿಫೈನರಿಯವರು
ಅದರ ಕೆಳಗೆ ನಿಂತು ಕಾಫಿ ಕುಡಿಯುವ ಹೊತ್ತಿಗೆ
ಬೆಳಗಾಗುತ್ತಿತ್ತು. ಹುಂಜ ಕೂಗುತ್ತಿರಲಿಲ್ಲ,
ಬರೀ ಜುಂಯ್ ಅನ್ನುತ್ತಿತ್ತು.

ಆಮೇಲೆ ಹ್ಯೂಸ್ಟನ್ನಿನಿಂದ ಹೋಲ್ಕಮ್ ಬಂದ.
ಸರೀಕರ ಸಂಬಂಧ ಎಂದು ಪತ್ರಿಕೆ ಬರೆಯಿತು.
ಪೆಂಡ್ರಿ-ಹೋಲ್ಕಮ್. ನಡುವೆ ಒಂದು ಅಡ್ಡಗೆರೆ,
ಧಾರೆಗೆ ಮುಂಚೆ ಹಿಡಿಯುವ ಅಂತರಪಟದ ಹಾಗೆ.
ಅಪ್ಪ ಅದನ್ನು ಬೇರೆ ತುಂಡಾಗಿ ಕತ್ತರಿಸಿ ಅಂಟಿಸಿದ್ದ:
"ಮೊದಲು ಉದುರೋದು ಇದೇ, ನೋಡ್ತಿರು."
ಆರೇ ವರ್ಷ. ಗೆರೆ ಉದುರಿತು,
ಜೊತೆಗೆ ಅದರ ಎಡಕ್ಕಿದ್ದದ್ದೆಲ್ಲ.

ಉಳಿದದ್ದು ಹೋಲ್ಕಮ್.
ಲೆಕ್ಕದ ಕೋಣೆ ಖಾಲಿ, ಪ್ರಯೋಗಶಾಲೆ ಖಾಲಿ.
ಚಿಕ್ಕಪ್ಪ ಆರ್ವಿಡ್‌ನ ಪಿಂಚಣಿ ಚೆಕ್ಕಿನ ಮೇಲೆ
ಅವನು ಒಂದು ದಿನವೂ ದುಡಿಯದ ಕಂಪನಿಯ ಮೊಹರು.
ಬ್ಯಾಂಕಿನ ಹುಡುಗಿ ಕೇಳುತ್ತಾಳೆ: ಅಲ್ಲಿ ಏನು ಮಾಡ್ತಿದ್ರಿ?
ಮೇಣ, ಅನ್ನುತ್ತಾನೆ. ಮೂವತ್ತೆರಡು ವರ್ಷ ಮೇಣ ಬಸಿದೆ.
ಅವಳು ಕಂಪ್ಯೂಟರಿನಲ್ಲಿ ಹುಡುಕುತ್ತಾಳೆ.
ಹೋಲ್ಕಮ್ ಯಾವತ್ತೂ ಮೇಣ ಮಾಡಿಲ್ಲ.

ಮತ್ತೆ ಯಾರನ್ನೋ ನುಂಗಿ, ಯಾರಿಗೋ ಅರ್ಧ ಮಾರಿ,
ಬರೀ ಎಚ್ ಆಯಿತು. ಎಚ್ ಒಳಗೊಂದು ಸೂರ್ಯ.
ಈಗ ಓರಿವ.
ಯಾವ ಭಾಷೆಯಲ್ಲೂ ಇದಕ್ಕೆ ಅರ್ಥವಿಲ್ಲ ಎಂದು
ಖಾತ್ರಿ ಮಾಡಿಕೊಳ್ಳಲು ಒಂಬತ್ತು ತಿಂಗಳು ಹಿಡಿಯಿತಂತೆ.
ಒಂಬತ್ತು ತಿಂಗಳು!
ಡಬ್ಬದ ಜೊತೆ ಬಂದ ಕೈಪಿಡಿಯಲ್ಲಿ ಬಣ್ಣಕ್ಕೊಂದು ಅಂಕೆ,
ಎಲೆ ಎಷ್ಟು ಡಿಗ್ರಿ ವಾಲಬೇಕೆಂಬುದಕ್ಕೊಂದು ಚಿತ್ರ.
ಹೆಸರು ಹೋಗಿ ಹಸಿರು ಬಂತು:
ಒಂದು ಎತ್ವ ಇಳಿಸಿ, ಒಂದು ಗುಡಿಸು ಏರಿಸಿದಷ್ಟೇ ಕೆಲಸ.

ನೆಲದಡಿಯ ತೊಟ್ಟಿಗಳು ಮಾತ್ರ ಅವೇ.
ಬೆಳಿಗ್ಗೆ ಟ್ಯಾಂಕರಿನ ವೆಂಡೆಲ್ ಇಲ್ಲಿ ಅರ್ಧ ಸುರಿದು,
ಎದುರಿನ ಹಳದಿ ಬಂಕಿಗೆ ಇನ್ನರ್ಧ ಸುರಿಯಲು
ರಸ್ತೆ ದಾಟಿದ.
ಒಡತಿ ಓಪಲ್ ಸ್ಯಾಂಡೀನ್ ಕಂಪನಿಯ ಹೊಸ ಟೋಪಿಯನ್ನು
ಮೊಣಕಾಲಿಗೆ ಬಡಿದು ಬಡಿದು ಮೆತ್ತಗೆ ಮಾಡುತ್ತಾ
ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಾಳೆ:
"ಹುಂಜದ ಹತ್ತಿರ ಎಡಕ್ಕೆ.
ಹೂಂ, ಹುಂಜ ಇಲ್ಲ. ಆದ್ರೂ ಅಲ್ಲೇ ಎಡಕ್ಕೆ."

ಹುಂಜ ನಮ್ಮ ಹಿತ್ತಲಲ್ಲಿದೆ.
ಕೋಳಿಗೂಡು ಸೋರುತ್ತಿತ್ತು, ಅಪ್ಪ ಅದನ್ನೇ ಹೊದಿಸಿದ.
ಹಳೆ ಬೋರ್ಡು ಕೂಡಿಡುವವನೊಬ್ಬ ಓಹಾಯೊದಿಂದ ಬಂದು
ನಾಲ್ಕು ಸಾವಿರ ಡಾಲರ್ ಅಂದ.
ಅಪ್ಪ ಬಹಳ ಹೊತ್ತು ಗಲ್ಲ ಕೆರೆದುಕೊಂಡು
"ಹಿಮ ಕರಗಲಿ, ನೋಡೋಣ" ಅಂದ.
ಅದಾಗಿ ಏಳು ಸಲ ಹಿಮ ಕರಗಿದೆ.

ಎಚ್ ಇಳಿಯಿತು, ಸೂರ್ಯನ ಸಮೇತ.
ಹಿಂದಿನ ಹಲಗೆಯಲ್ಲಿ, ಬಿಸಿಲು ತಾಗದ ಜಾಗದಲ್ಲಿ
ಒಂದು ಅಡ್ಡಗೆರೆ. ಅಂಟು ಮಾತ್ರ.
ಉಗುರಿನಿಂದ ಕೆರೆದೆ. ಹೋಗಲಿಲ್ಲ.
"ಏನು ನೋಡ್ತಿದ್ದೀಯ?"
"ಏನಿಲ್ಲ."

ತೂತು ನಾಲ್ಕೇ. ಈವರೆಗಿನ ಹೆಸರೆಲ್ಲ
ಇವುಗಳ ಅಳತೆಗೇ ಬಂದಿದ್ದವು.
ಹೊಸ ಎಲೆಯದು ಅರ್ಧ ಇಂಚು ತಪ್ಪಿದೆ.
"ಡ್ರಿಲ್ ಕಳಿಸಲಾ?"
ಬೇಡ ಅಂದೆ. ಸುತ್ತಿಗೆ ಕಳಿಸು.